ಮಳೆಗೆ ಒಡ್ಡಿದ ಗೋಡೆ: ಹೊರ ಗಾರೆ ಹೊಸದು ಮಾಡುವ ಖರ್ಚು

ಹೊರಗೋಡೆಗೆ ಮೆತ್ತಿದ ಗಾರೆ ಮನೆಯ ಮೊದಲ ಕಾವಲು. ಮಳೆ, ಬಿಸಿಲು, ಗಾಳಿಯ ಪೆಟ್ಟನ್ನು ತಾನು ತಿಂದು ಒಳಗಿನ ಇಟ್ಟಿಗೆ, ಮಣ್ಣು, ಕಲ್ಲನ್ನು ಅದು ಉಳಿಸುತ್ತದೆ. ಸವೆಯುವುದೇ ಅದರ ಕೆಲಸವಾದ್ದರಿಂದ ಎಂದಾದರೊಂದು ದಿನ ಅದನ್ನು ಕೆತ್ತಿ ತೆಗೆದು ಹೊಸದು ಮಾಡಲೇಬೇಕು. ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಲ್ಲೂ ಸುತ್ತಲಿನ ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳಲ್ಲೂ ಹೊಸ ಮನೆಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕ ಎಲ್ಲರ ಬಾಯಲ್ಲಿ ಇರುತ್ತದೆ. ಹೊರಗೋಡೆಯ ದುರಸ್ತಿಯ ಲೆಕ್ಕ ಮಾತ್ರ ಮೇಸ್ತ್ರಿ ಹೇಳಿದ ಒಂದು ಮೊತ್ತದಲ್ಲಿ ಮುಗಿದುಹೋಗುತ್ತದೆ. ಆ ಮೊತ್ತದಲ್ಲಿ ಏನೇನು ಸೇರಿದೆ, ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲೇಬಾರದು ಎಂಬುದು ಮನೆಯವರಿಗೆ ತಿಳಿದಿರುವುದು ಅಗತ್ಯ.

ಒಣಸೀಮೆಯ ಮಳೆ, ಒಣಸೀಮೆಯ ಗೋಡೆ

ತುಮಕೂರು ಜಿಲ್ಲೆಯ ಈ ಉತ್ತರ ಭಾಗ ಬಯಲುಸೀಮೆ. ವರ್ಷದ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು, ಕರಾವಳಿಯಲ್ಲಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದನ್ನು ನೆನೆದರೆ ಇಲ್ಲಿ ಗೋಡೆ ನೆನೆಯುವ ಭಯವೇ ಇಲ್ಲ ಅನ್ನಿಸಬಹುದು. ಆದರೆ ಗೋಡೆಗೆ ಮಳೆಯ ಒಟ್ಟು ಮೊತ್ತಕ್ಕಿಂತ ಅದು ಬೀಳುವ ಬಗೆ ಮುಖ್ಯ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲಿನೊಂದಿಗೆ ಬರುತ್ತವೆ. ಆ ಗಾಳಿಗೆ ಮಳೆ ನೆಟ್ಟಗೆ ಬೀಳದೆ ಅಡ್ಡಡ್ಡಲಾಗಿ ಗೋಡೆಗೆ ಬಡಿಯುತ್ತದೆ. ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲವಾದ ಸೆಪ್ಟೆಂಬರ್–ಅಕ್ಟೋಬರ್ ವರ್ಷದಲ್ಲೇ ಹೆಚ್ಚು ನೀರು ಸುರಿಯುವ ತಿಂಗಳುಗಳು. ಅದಾದ ಮೇಲೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ದಿನಗಟ್ಟಲೆ ಜಿಟಿಜಿಟಿ ಮಳೆ ತರುತ್ತವೆ.

ಇದರ ಪರಿಣಾಮ ಈಚಿನ ವರ್ಷಗಳಲ್ಲಿ ಕಣ್ಣಿಗೆ ಕಂಡಿದೆ. 2021ರ ನವೆಂಬರಿನ ಮಳೆಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬಹಳಷ್ಟು ಮನೆಗಳ ಗೋಡೆ ಬಿದ್ದವು. 2022ರಲ್ಲಿ ಮತ್ತೆ ಕೆರೆಗಳು ಕೋಡಿ ಬಿದ್ದವು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿ ತುಂಬಿ ಹರಿಯಿತು. ವರ್ಷಗಟ್ಟಲೆ ಬರ ಕಂಡ ಗೋಡೆ ಒಂದು ವಾರ ಬಿಡದೆ ನೆನೆದರೆ ತಡೆಯಲಾರದು. ಬೇಸಿಗೆಯಲ್ಲಿ ಮಧ್ಯಾಹ್ನ ಕಾದು, ಸಂಜೆಯ ಮಳೆಗೆ ಒಮ್ಮೆಲೇ ತಣಿಯುವ ಗಾರೆ ಹಿಗ್ಗುತ್ತಾ ಕುಗ್ಗುತ್ತಾ ಕೂದಲೆಳೆಯ ಬಿರುಕು ಬಿಡುತ್ತದೆ. ಬೇಸಿಗೆಯ ಬಿರುಕಿಗೆ ಹಿಂಗಾರಿನ ನೀರು ಇಳಿಯುತ್ತದೆ. ಈ ಸೀಮೆಯ ಹೊರಗೋಡೆ ಹಾಳಾಗುವ ಕ್ರಮ ಇದು.

ಯಾವ ಗೋಡೆ, ಯಾವ ಹೊದಿಕೆ

ಪುರವರ ಸುತ್ತಿನ ಊರುಗಳಲ್ಲಿ ಮೂರು ಬಗೆಯ ಗೋಡೆಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಮೊದಲನೆಯದು ಹಳೆಯ ಮಣ್ಣಿನ ಗೋಡೆ, ಅಥವಾ ಕಾಡುಕಲ್ಲನ್ನು ಕೆಸರಿನಲ್ಲಿ ಇಟ್ಟು ಕಟ್ಟಿದ ಗೋಡೆ. ಮೇಲೆ ಮಣ್ಣಿನ ಮಾಳಿಗೆ, ಇಲ್ಲವೇ ಹೆಂಚು. ಮಾಳಿಗೆಯ ಮೇಲೆ ಕರಲು ಮಣ್ಣು ಹರಡುವ ರೂಢಿ ಪಾವಗಡ, ಶಿರಾ, ಚಿತ್ರದುರ್ಗದ ಕಡೆ ಇದೆ. ಸೋಡಿಯಂ ಹೆಚ್ಚಿರುವ ಆ ಮಣ್ಣಿನ ಕಣಗಳು ನೆನೆದಾಗ ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುವುದರಿಂದ ನೀರು ಕೆಳಗಿಳಿಯುವುದಿಲ್ಲ. ಇಂಥ ಮನೆಯ ಮಣ್ಣಿನ ಗೋಡೆಗೆ ಹೊದಿಕೆ ಎಂದರೆ ಮಣ್ಣಿನ ಮೆತ್ತುಗೆ, ಸಗಣಿ, ಕೆಮ್ಮಣ್ಣು, ಸುಣ್ಣ. ಎರಡನೆಯದು ಬಂಡೆಗಳ ಈ ನಾಡಿಗೆ ಸಹಜವಾದ ಸೈಜುಗಲ್ಲಿನ ಗೋಡೆ. ಮೂರನೆಯದು ಸುಟ್ಟ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನ ಗೋಡೆ, ಅದರ ಮೇಲೆ ಸಿಮೆಂಟ್ ಗಾರೆ.

ಸರ್ಕಾರದ ನೆರವಿನಿಂದ ಎದ್ದ ಜನತಾ ಮನೆ, ಆಶ್ರಯ ಮನೆ, ಬಸವ ವಸತಿ ಮನೆಗಳಲ್ಲಿ ಹಲವಕ್ಕೆ ಒಳಗಡೆ ಗಾರೆ ಆಗಿರುತ್ತದೆ, ಹೊರಗಡೆ ಇಟ್ಟಿಗೆ ಬರಿಮೈಯಲ್ಲೇ ನಿಂತಿರುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲು ಪ್ರದೇಶಕ್ಕೆ ಕೊಟ್ಟ ನೆರವು 1.20 ಲಕ್ಷ ರೂಪಾಯಿ. ಪಾಯ, ಗೋಡೆ, ತಾರಸಿ ಮುಗಿಯುವಷ್ಟರಲ್ಲಿ ಆ ಹಣವೂ ಕೈಸಾಲವೂ ಮುಗಿದಿರುತ್ತವೆ. ಕಟ್ಟಡದ ಕೆಲಸದಲ್ಲಿ ಕೊನೆಗೆ ಬರುವುದು ಹೊರ ಗಾರೆ. ಹಣ ಸಾಲದೆ ನಿಲ್ಲುವುದೂ ಅದೇ. ಆ ಬಡ ಮನೆಗಳ ಪಡುವಣ ಗೋಡೆ ಪ್ರತಿ ಮಳೆಗಾಲದಲ್ಲೂ ಒಳಗಡೆ ಒದ್ದೆಯಾಗುವುದಕ್ಕೆ ಕಾರಣ ಇಷ್ಟೇ.

ಕೆಟ್ಟಿರುವುದನ್ನು ಗುರುತಿಸುವುದು

ಗಾರೆ ಹಳೆಯದಾಯಿತು ಎಂಬುದಷ್ಟೇ ಅದನ್ನು ಕೆತ್ತುವುದಕ್ಕೆ ಕಾರಣವಾಗದು. ಮರದ ತುಂಡಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ ನೋಡಬೇಕು. ಗಟ್ಟಿಯಾದ ಶಬ್ದ ಬಂದರೆ ಗಾರೆ ಗೋಡೆಯನ್ನು ಹಿಡಿದಿದೆ; ಪೊಳ್ಳು ಶಬ್ದ ಬಂದರೆ ಬಿಟ್ಟಿದೆ. ಕೂದಲೆಳೆಯ ಬಿರುಕಿದ್ದು ಗಾರೆ ಗಟ್ಟಿಯಾಗಿದ್ದರೆ ಬಿರುಕು ತುಂಬಿ ಬಣ್ಣ ಬಳಿದರೆ ಸಾಕು. ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆಗೂ ನಡುವೆ ನೆಟ್ಟಗೆ ಇಳಿದ ಬಿರುಕು ಎರಡು ವಸ್ತುಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಬಂದದ್ದು. ಅಲ್ಲಿ ಸಂದಿಯ ಎರಡೂ ಬದಿಗೆ ತಂತಿಬಲೆ ಹೊಡೆದು ಗಾರೆ ಹಾಕಬೇಕು. ಮೂಲೆಯಿಂದ ಓರೆಯಾಗಿ ಹೋದ ಅಗಲ ಬಿರುಕು ಪಾಯ ಕುಸಿದ ಸೂಚನೆ. ಅದನ್ನು ಗಾರೆಯಿಂದ ಮುಚ್ಚುವುದು ಹಣವನ್ನು ನೀರಿಗೆ ಹಾಕಿದಂತೆ.

ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಅರಳಿ ಬಣ್ಣ ಪುಡಿಯಾಗಿ ಉದುರುತ್ತಿದ್ದರೆ ನೆಲದ ತೇವ ಗೋಡೆಯನ್ನು ಹತ್ತುತ್ತಿದೆ. ನೀರು ಆರಿಹೋಗಿ ಉಪ್ಪು ಮೇಲ್ಮೈಯಲ್ಲಿ ಉಳಿಯುತ್ತದೆ; ಹರಳುಗಟ್ಟುವಾಗ ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಕೊಳವೆಬಾವಿಯ ಸವಳು ನೀರಿನಲ್ಲಿ ಗಾರೆ ಕಲಸಿ, ಅದೇ ನೀರನ್ನು ಗೋಡೆಗೆ ಹೊಡೆದಾಗಲೂ ಈ ತೊಂದರೆ ಹೆಚ್ಚುತ್ತದೆ.

ನಾಲ್ಕೂ ಗೋಡೆಗಳು ಒಂದೇ ಸಮ ಕೆಡುವುದಿಲ್ಲ ಎಂಬುದನ್ನು ಗಮನಿಸಬೇಕು. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಹಿಂಗಾರಿನ ಗಾಳಿ ಮೂಡಣ–ಈಶಾನ್ಯದಿಂದ. ಬಯಲಿಗೆ ಮುಖಮಾಡಿದ ಗೋಡೆ ಮೊದಲು ಸೋಲುತ್ತದೆ. ಪಕ್ಕದ ಮನೆಯ ಮರೆಯಲ್ಲಿರುವ ಗೋಡೆ ಇನ್ನೂ ಹಲವು ವರ್ಷ ನಿಲ್ಲುತ್ತದೆ. ಹಣ ಕಡಿಮೆ ಇದ್ದವರು ಸೋತ ಗೋಡೆಯನ್ನಷ್ಟೇ ಪೂರ್ತಿ, ಚೆನ್ನಾಗಿ ಮಾಡಿಸುವುದು ನಾಲ್ಕೂ ಗೋಡೆಗೆ ತೆಳುವಾಗಿ ತೇಪೆ ಹಾಕಿಸುವುದಕ್ಕಿಂತ ಮೇಲು.

ಒಂದು ಮನೆಯ ಲೆಕ್ಕ

ಗಾರೆ ಕೆಲಸದ ಅಳತೆ ಚದರಡಿಯಲ್ಲಿ, ನೂರು ಚದರಡಿ ಸೇರಿದರೆ ಒಂದು ಚದರ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಒಂದು ಅಂತಸ್ತಿನ ಮನೆಯನ್ನು ತೆಗೆದುಕೊಳ್ಳೋಣ. ಸುತ್ತಳತೆ 100 ಅಡಿ, ಎತ್ತರ 10 ಅಡಿ; ಹೊರಗೋಡೆ 1,000 ಚದರಡಿ, ಅಂದರೆ 10 ಚದರ. ಬಾಗಿಲು, ಕಿಟಕಿಗಳ ಜಾಗ ನೂರು ಚದರಡಿಯಷ್ಟು ಕಳೆದರೂ ಅವುಗಳ ಅಂಚು, ಸಜ್ಜಗಳ ಮೈ ಸೇರಿದರೆ ಲೆಕ್ಕ ಮತ್ತೆ 10 ಚದರದ ಹತ್ತಿರವೇ ಬಂದು ನಿಲ್ಲುತ್ತದೆ. ತಾರಸಿಯ ಮೇಲೆ ಮೂರು ಅಡಿ ಪ್ಯಾರಾಪೆಟ್ ಇದ್ದರೆ ಅದರ ಹೊರಮೈಗೆ 3 ಚದರ, ಒಳಮೈಗೆ ಹೆಚ್ಚುಕಡಿಮೆ ಅಷ್ಟೇ ಸೇರಿಸಬೇಕು. ಪ್ಯಾರಾಪೆಟ್ಟಿನ ಒಳಮೈ ಬಿಟ್ಟು ಹೊರಗಷ್ಟೇ ಗಾರೆ ಮಾಡಿಸುವುದು ಸಾಮಾನ್ಯ ತಪ್ಪು. ಅಲ್ಲಿಂದ ಇಳಿದ ನೀರು ಹೊಸ ಗಾರೆಯ ಬೆನ್ನಿಗೆ ಸೇರುತ್ತದೆ.

ಮುಂದಿನ ಲೆಕ್ಕದಲ್ಲಿ ಸಾಮಾನಿನ ಪರಿಮಾಣಗಳು ಎಲ್ಲ ಊರಿಗೂ ಒಂದೇ. ದರಗಳನ್ನು ಉದಾಹರಣೆಗಾಗಿ ಹಿಡಿದಿದೆ. ಊರು, ಕಾಲ ನೋಡಿ ಬದಲಿಸಿಕೊಳ್ಳಬೇಕು. ಗಾರೆಯವರಿಗೆ ದಿನಕ್ಕೆ 1,000 ರೂಪಾಯಿ, ಕೈಯಾಳಿಗೆ 600, ಬಣ್ಣದವರಿಗೆ 900, ಸಿಮೆಂಟ್ ಮೂಟೆಗೆ 380, ಎಂ-ಸ್ಯಾಂಡ್ ಘನ ಅಡಿಗೆ 55 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಮೊದಲ ಕೆಲಸ ಹಳೆಯದನ್ನು ಕೆತ್ತುವುದು. 10 ಚದರ ಗೋಡೆಯ ಅರ್ಧ ಅಂಗುಲಕ್ಕಿಂತ ತುಸು ದಪ್ಪದ ಗಾರೆ ಸುಮಾರು ಎರಡೂವರೆ ಟನ್ ತೂಗುತ್ತದೆ. ಇಬ್ಬರು ಆಳಿಗೆ ಮೂರು ದಿನದ ಕೆಲಸ, 3,600 ರೂಪಾಯಿ. ಮಣ್ಣುಕಸ ಸಾಗಿಸಲು ಒಂದು ಟ್ರ್ಯಾಕ್ಟರ್ ಲೋಡು, 1,200 ರೂಪಾಯಿ. ಆಮೇಲೆ ಇಟ್ಟಿಗೆಯ ಸಂದುಗಳನ್ನು ಕೆದಕಿ, ದೂಳು ತೊಳೆದು, ಗೋಡೆಯನ್ನು ನೆನೆಸಬೇಕು. ಒಣಗಿದ ಇಟ್ಟಿಗೆ ಹಸಿ ಗಾರೆಯ ನೀರನ್ನೆಲ್ಲ ಹೀರಿಕೊಂಡರೆ ಸಿಮೆಂಟ್ ಗಟ್ಟಿಯಾಗಲು ನೀರು ಉಳಿಯುವುದಿಲ್ಲ.

ಎರಡನೆಯದು ಸಾಮಾನು. 15 ಮಿಲಿಮೀಟರ್ ದಪ್ಪಕ್ಕೆ ಒಂದು ಪಾಲು ಸಿಮೆಂಟ್, ಐದು ಪಾಲು ಮರಳಿನಂತೆ ಕಲಸಿದರೆ ಒಂದು ಚದರಕ್ಕೆ ಹೆಚ್ಚುಕಡಿಮೆ ಒಂದು ಮೂಟೆ ಸಿಮೆಂಟ್, ಏಳು ಘನ ಅಡಿ ಮರಳು ಬೇಕು. 10 ಚದರಕ್ಕೆ 10 ಮೂಟೆ, 3,800 ರೂಪಾಯಿ. ಮರಳು 70 ಘನ ಅಡಿ, 3,850 ರೂಪಾಯಿ. ನೀರು ತಡೆಯುವ ದ್ರಾವಣ, ಕಂಬದ ಸಂದಿಗೆ ತಂತಿಬಲೆ ಸೇರಿ 1,500. ಗಾರೆಗೆ ಬಳಸುವ ಎಂ-ಸ್ಯಾಂಡ್ ನುಣುಪಾಗಿ ಜರಡಿ ಹಿಡಿದು ತೊಳೆದದ್ದಾಗಿರಬೇಕು. ಕಾಂಕ್ರೀಟಿಗೆ ಬರುವ ದಪ್ಪ ಮರಳಿನ ಗಾರೆ ನೀರು ಕುಡಿಯುತ್ತದೆ, ಕಲ್ಲುಪುಡಿ ಹೆಚ್ಚಿರುವ ಮರಳಿನದು ಬಿರುಕು ಬಿಡುತ್ತದೆ.

ಮೂರನೆಯದು ಕೂಲಿ. ಒಬ್ಬ ಗಾರೆಯವರು ದಿನಕ್ಕೆ ಹೊರಗೋಡೆಯ ಒಂದು ಚದರದಷ್ಟು ಮುಗಿಸುತ್ತಾರೆ. ಇಬ್ಬರು ಗಾರೆಯವರು, ಮೂವರು ಕೈಯಾಳುಗಳು ಐದು ದಿನ ಮಾಡಿದರೆ 19,000 ರೂಪಾಯಿ. ಸಾರುವೆ ಕಟ್ಟುವುದಕ್ಕೆ 2,000. ಇಲ್ಲಿಗೆ ಮೊತ್ತ ಸುಮಾರು 35,000. ಅದರ ಮೇಲೆ ಬಣ್ಣ: 10 ಲೀಟರ್ ಪ್ರೈಮರ್, ಎರಡು ಸಲ ಬಳಿಯಲು 20 ಲೀಟರಿನ ಒಂದು ಬಕೆಟ್ ಹೊರಗೋಡೆ ಬಣ್ಣ, ಆರು ಆಳಿನ ಕೂಲಿ ಸೇರಿ ಸುಮಾರು 12,000. ಒಟ್ಟು 47,000 ರೂಪಾಯಿ, ಅಂದರೆ ಚದರಡಿಗೆ 47.

ಈ ಮೊತ್ತವನ್ನು ಬಿಡಿಸಿ ನೋಡಿದರೆ ಒಂದು ಮುಖ್ಯ ವಿಷಯ ಹೊಳೆಯುತ್ತದೆ. ನೂರು ರೂಪಾಯಿಯಲ್ಲಿ ಅರವತ್ತು ಕೂಲಿಗೆ ಹೋಗುತ್ತದೆ. ಸಿಮೆಂಟಿಗೆ ಹೋಗುವುದು ಎಂಟು ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಮೂಟೆಗೆ 30 ರೂಪಾಯಿಯಂತೆ ಉಳಿದರೂ ಈ ಮನೆಯ ಲೆಕ್ಕದಲ್ಲಿ ಅದು 300 ರೂಪಾಯಿ. ಅದೇ ರೀತಿ ಮೂಟೆಗಳನ್ನು ಅರ್ಧಕ್ಕೆ ಇಳಿಸಿ ಗಾರೆಯನ್ನು ಸಡಿಲ ಮಾಡಿದರೂ ಉಳಿಯುವುದು 1,900 ರೂಪಾಯಿ. ಆದರೆ ಆ ಗಾರೆ ಬೇಗ ಉದುರಿ, ಕೆತ್ತುವುದು, ಸಾರುವೆ, ಕೂಲಿ ಎಲ್ಲವನ್ನೂ ಮತ್ತೊಮ್ಮೆ ಕೊಡಬೇಕಾಗುತ್ತದೆ. ಸಾಮಾನಿನಲ್ಲಿ ಜಿಪುಣತನ ಮಾಡಬಾರದು ಎಂಬುದಕ್ಕೆ ಈ ಲೆಕ್ಕವೇ ಆಧಾರ.

ಗಾರೆ ಹಾಕಿದ ಮರುದಿನದಿಂದ ಕನಿಷ್ಠ ಏಳು ದಿನ, ದಿನಕ್ಕೆ ಎರಡು ಮೂರು ಸಲ ಗೋಡೆಗೆ ನೀರು ಹೊಡೆಯಬೇಕು. ಹೆಚ್ಚಿನ ಹಣವಿಲ್ಲದೆ ಗೋಡೆಯ ಬಾಳಿಕೆ ಹೆಚ್ಚಿಸುವ ಕೆಲಸ ಇದು. ಈ ಸೀಮೆಯಲ್ಲಿ ಅದಕ್ಕೆ ಕಾಲ ನೋಡುವುದೂ ಸೇರಿದೆ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿರುತ್ತದೆ, ಹೊಡೆದ ನೀರು ಗಳಿಗೆಯಲ್ಲಿ ಆರುತ್ತದೆ. ಹಸ್ತ, ಚಿತ್ತೆಯ ಮಳೆಯಲ್ಲಿ ಹಸಿ ಗಾರೆ ತೊಳೆದುಹೋಗುತ್ತದೆ. ಹಿಂಗಾರು ಮುಗಿದು ಗೋಡೆಯೊಳಗಿನ ತೇವ ಆರಿದ ಮೇಲೆ, ಡಿಸೆಂಬರಿನಿಂದ ಫೆಬ್ರುವರಿವರೆಗೆ, ಹೊರ ಗಾರೆಗೆ ಒಳ್ಳೆಯ ಕಾಲ. ಬಣ್ಣಕ್ಕೆ ಅವಸರ ಮಾಡದೆ ಗಾರೆ ಪೂರ್ತಿ ಒಣಗುವವರೆಗೆ ಕೆಲವು ವಾರ ಕಾಯಬೇಕು.

ಮಣ್ಣಿನ ಗೋಡೆಗೆ ಬೇರೆ ಲೆಕ್ಕ

ಮಣ್ಣಿನ ಗೋಡೆ ಸವೆದಾಗ ಅದರ ಮೇಲೆ ಸಿಮೆಂಟ್ ಗಾರೆ ಮೆತ್ತಿಸುವುದು ಈಗ ಹೆಚ್ಚಿನವರ ಮೊದಲ ಯೋಚನೆ. ಹಣ ಹೆಚ್ಚು ವ್ಯರ್ಥವಾಗುವುದು ಇಲ್ಲಿಯೇ. ಮಣ್ಣು ತೇವ ಕುಡಿದಾಗ ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಸಿಮೆಂಟ್ ಪದರ ಅದರ ಜೊತೆ ಅಲುಗಲಾರದು. ಎರಡು ಮೂರು ಮಳೆಗಾಲದಲ್ಲಿ ಎರಡರ ನಡುವೆ ಅಂತರ ಬೀಳುತ್ತದೆ. ಬಿರುಕಿನಿಂದ ಒಳಸೇರಿದ ನೀರು, ನೆಲದಿಂದ ಹತ್ತಿದ ತೇವ ಹೊರಬರಲಾರದೆ ಗೋಡೆಯಲ್ಲೇ ನಿಲ್ಲುತ್ತದೆ. ಹೊರಗಿನಿಂದ ನೋಡಲು ಗಟ್ಟಿಯಾದ ಗೋಡೆ ಒಳಗೆ ಕೆಸರಾಗುತ್ತಾ, ಒಂದು ರಾತ್ರಿಯ ಮಳೆಗೆ ಕುಸಿಯಬಹುದು. ಇಲ್ಲಿ ಪ್ರಶ್ನೆ ಹಣದ್ದಷ್ಟೇ ಆಗಿ ಉಳಿಯದು; ಒಳಗೆ ಮಲಗಿದವರ ಜೀವದ್ದೂ ಆಗುತ್ತದೆ.

ಮಣ್ಣಿನ ಗೋಡೆಗೆ ತೇವವನ್ನು ಹೊರಬಿಡುವ ಹೊದಿಕೆ ಬೇಕು. ಮಣ್ಣಿಗೆ ಹುಲ್ಲು ಅಥವಾ ಭತ್ತದ ಹೊಟ್ಟು ಸೇರಿಸಿ, ನೀರು ಹಾಕಿ ತುಳಿದು, ಒಂದು ವಾರ ಕೊಳೆಯಲು ಬಿಟ್ಟು ಮೆತ್ತುವ ಹಳೆಯ ಪದ್ಧತಿ ಈ ಕಾರಣಕ್ಕೇ ಸರಿಯಾದದ್ದು. ಒಂದು ಅಂಗುಲ ದಪ್ಪದ ಮೆತ್ತುಗೆಗೆ 10 ಚದರಕ್ಕೆ ಸುಮಾರು ಒಂದು ಟ್ರ್ಯಾಕ್ಟರ್ ಲೋಡು ಮಣ್ಣು ಸಾಕು. ಮನೆಮಂದಿಯೇ ಕೈಹಾಕಿದರೆ ಕೈಯಿಂದ ಹೋಗುವ ಹಣ ಸಿಮೆಂಟ್ ಗಾರೆಯ ಒಂದು ಸಣ್ಣ ಪಾಲು. ಅದರ ತೊಂದರೆ ಎಂದರೆ ಮಳೆಗೆ ಒಡ್ಡಿದ ಗೋಡೆಯಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಮೆತ್ತಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದಕ್ಕೆ ಒಂದು ಉಪಾಯ ಕಂಡುಹಿಡಿದಿದೆ: ಕೊಳೆಸಿದ ಹುಲ್ಲು–ಮಣ್ಣಿಗೆ ಸೀಮೆಎಣ್ಣೆಯಲ್ಲಿ ತೆಳುಮಾಡಿದ ಡಾಂಬರನ್ನು ಸ್ವಲ್ಪ ಪ್ರಮಾಣದಲ್ಲಿ ಬೆರೆಸಿ ಮೆತ್ತಿದರೆ ಮಣ್ಣು ಮಳೆಗೆ ಕೊಚ್ಚಿಹೋಗುವುದಿಲ್ಲ. ಮೇಲೆ ಸಗಣಿ–ಮಣ್ಣಿನ ಲೇಪ ಕೊಟ್ಟು ಸುಣ್ಣ ಬಳಿಯಬಹುದು.

ಇನ್ನೊಂದು ದಾರಿ ಸುಣ್ಣದ ಗಾರೆ. ಚೆನ್ನಾಗಿ ಅರಳಿದ ಸುಣ್ಣಕ್ಕೆ ಮರಳು ಸೇರಿಸಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಅರೆದ ಗಾರೆ ದಕ್ಷಿಣ ಭಾರತದ ಹಳೆಯ ಕೋಟೆ, ದೇವಸ್ಥಾನ, ಮನೆಗಳಲ್ಲಿ ಬಳಕೆಯಾಗಿದೆ. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ತೇವವನ್ನು ಹೊರಬಿಡುತ್ತದೆ, ಗೋಡೆಯೊಂದಿಗೆ ತುಸು ಬಾಗುತ್ತದೆ. ಆದರೆ ಸುಣ್ಣ ಅರಳಿಸಿ ಹದ ಮಾಡಬಲ್ಲ ಕುಶಲರು ಕಡಿಮೆಯಾಗಿರುವುದರಿಂದ ಕೂಲಿ ಸಿಮೆಂಟ್ ಗಾರೆಗಿಂತ ಹೆಚ್ಚಾಗುತ್ತದೆ. ಮನೆ ಹಳೆಯದಾಗಿದ್ದು ಗಟ್ಟಿಯಾಗಿದ್ದರೆ ಆ ಹೆಚ್ಚಿನ ಹಣ ಸಾರ್ಥಕ.

ಸವೆದುಹೋದ ಭಾಗವನ್ನೇ ಬದಲಿಸಬೇಕಾದಾಗ ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆ ನೆರವಿಗೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರ ಗ್ರಾಮಗಳಿಗೆ ಹೊಂದುವ ತಂತ್ರಜ್ಞಾನದ ಮೇಲೆ ಕೆಲಸ ಮಾಡಿತು. ಅದರ ಗ್ರಾಮೀಣ ಕೇಂದ್ರ ಇದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿತ್ತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ಬೆಳೆಸಿದರು. ಸುಡುವ ಸೌದೆ ಬೇಡ. ಸರಿಯಾಗಿ ಮಾಡಿದ ಇಟ್ಟಿಗೆಗೆ, ಸೂರು ಮುಂದೆ ಚಾಚಿದ್ದರೆ, ಹೊರ ಗಾರೆಯೂ ಬೇಡ. ಮಣ್ಣಿನ ಮನೆಯ ಬುಡದ ಎರಡು ಮೂರು ಅಡಿಯನ್ನು ಇಂಥ ಇಟ್ಟಿಗೆಯಿಂದಲೋ ಕಲ್ಲಿನಿಂದಲೋ ಭದ್ರಪಡಿಸಿದರೆ ಮೇಲಿನ ಮಣ್ಣಿನ ಗೋಡೆ ನೆಮ್ಮದಿಯಾಗಿ ಉಳಿಯುತ್ತದೆ.

ಸೈಜುಗಲ್ಲಿನ ಗೋಡೆಯ ಲೆಕ್ಕ ಎಲ್ಲಕ್ಕಿಂತ ಸುಲಭ. ಗ್ರಾನೈಟ್ ಕಲ್ಲಿಗೆ ಮಳೆಯಿಂದ ಏನೂ ಆಗದು; ಸೋರುವುದು ಕಲ್ಲುಗಳ ಸಂದು. ಸಂದನ್ನು ಮುಕ್ಕಾಲು ಅಂಗುಲದಷ್ಟು ಕೆದಕಿ, ತೊಳೆದು, ಗಾರೆ ತುಂಬಿ ಒತ್ತಿದರೆ ಕೆಲಸ ಮುಗಿಯಿತು. ಸಿಮೆಂಟ್, ಮರಳು ಇಡೀ ಗೋಡೆಗೆ ಬೇಕಾಗುವುದರ ಒಂದು ಅಂಶ ಮಾತ್ರ ಸಾಕು, ಬಣ್ಣದ ಖರ್ಚು ಇಲ್ಲ. ಚೆಂದಕ್ಕೆಂದು ಕಲ್ಲಿನ ಗೋಡೆಗೆ ಗಾರೆ ಮೆತ್ತಿ ಬಣ್ಣ ಬಳಿಸಿದವರು ಖರ್ಚಿಲ್ಲದ ಗೋಡೆಯನ್ನು ಖರ್ಚಿನ ಗೋಡೆಯಾಗಿ ಮಾಡಿಕೊಳ್ಳುತ್ತಾರೆ.

ತಗಡು, ಟೈಲ್ಸ್, ಹಲಗೆ

ಗಾರೆಯ ಬದಲು ಗೋಡೆಗೆ ಹೊರಗಿನಿಂದ ಏನಾದರೂ ಹೊದಿಸುವ ರೂಢಿ ಕರ್ನಾಟಕಕ್ಕೆ ಹೊಸದಲ್ಲ. ಮಲೆನಾಡು, ಕರಾವಳಿಯ ಕಡೆ ಮಳೆಗಾಲ ಶುರುವಾಗುವ ಮೊದಲು ಅಡಿಕೆ ಸೋಗೆ, ತೆಂಗಿನ ಮಡಲಿನ ತಟ್ಟಿಯನ್ನು ಪಡುವಣ ಗೋಡೆಗೆ ಕಟ್ಟುತ್ತಿದ್ದರು. ಈಗ ಆ ಜಾಗಕ್ಕೆ ತಗಡಿನ ಶೀಟು, ಟಾರ್ಪಾಲು ಬಂದಿವೆ. ಅಲ್ಲಿನ ಮನೆಯ ನಿಜವಾದ ರಕ್ಷೆ ಮುಂದೆ ಚಾಚಿದ ಸೂರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಇಳಿಜಾರು ಮಾಡು ಸಾಮಾನ್ಯರ ಮನೆಗೂ ಬಂತು. ಮುರಕಲ್ಲಿನ ಗೋಡೆ ಭಾರೀ ಮಳೆಯಲ್ಲೂ ಉಳಿದದ್ದು ಆ ಸೂರಿನ ಕೆಳಗೆ. ಬಯಲುಸೀಮೆಯ ಹೊಸ ತಾರಸಿ ಮನೆಗಳಿಗೆ ಸೂರೇ ಇಲ್ಲ, ಕಿಟಕಿಯ ಮೇಲೊಂದು ಸಜ್ಜ ಬಿಟ್ಟರೆ ಇಡೀ ಗೋಡೆ ಮಳೆಗೆ ಬೆತ್ತಲೆ.

ಗೋಡೆಗೆ ಹೊರಗಿನಿಂದ ಹೊದಿಸುವ ರೂಢಿ ದೂರದ ದೇಶಗಳಲ್ಲೂ ಇದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮನೆಗಳು ಬಹುಪಾಲು ಮರದ ಚೌಕಟ್ಟಿನವು. ಅವುಗಳ ಹೊರಮೈಗೆ ಪ್ಲಾಸ್ಟಿಕ್ ಪಟ್ಟಿ, ಸಿಮೆಂಟ್ ನಾರಿನ ಹಲಗೆ ಅಥವಾ ಮರದ ಹಲಗೆ ಹೊಡೆದಿರುತ್ತಾರೆ. ಅಲ್ಲಿಯೂ ಆ ಕೆಲಸದ ಅಳತೆ ನೂರು ಚದರಡಿಯ ಲೆಕ್ಕದಲ್ಲೇ ನಡೆಯುತ್ತದೆ, ಕೂಲಿ ದೊಡ್ಡ ಪಾಲು ತಿನ್ನುತ್ತದೆ. ಹಲಗೆ ತೆಗೆದಾಗ ಒಳಗೆ ಕೊಳೆತ ಮರ ಕಂಡರೆ ಖರ್ಚು ಏರುತ್ತದೆ. ತೇವ ಹೆಚ್ಚಿರುವ ಫ್ಲಾರಿಡಾದಂಥ ಕಡೆ ಹೊದಿಕೆಯ ಹಿಂದೆ ನೀರು ಇಳಿದು ಆರಲು ದಾರಿ ಬಿಡುವುದೇ ಮುಖ್ಯ ಕೆಲಸ. ಗೋಡೆ ಯಾವುದರದ್ದಾದರೂ ಒಳಗಿನ ತೇವಕ್ಕೆ ಹೊರಬರುವ ದಾರಿ ಬೇಕು.

ಪುರವರದಂಥ ಊರಿನಲ್ಲಿ ಗೋಡೆಗೆ ತಗಡು ಹೊಡೆಸುವುದು ಬೇಗ ಮುಗಿಯುವ ಕೆಲಸ, ಆದರೆ ಗಾಳಿಯ ಲೆಕ್ಕ ಮರೆಯಬಾರದು. ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಭಾರತೀಯ ಮಾನಕ 875 ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲವೇಗವನ್ನು ಇಟ್ಟಿದೆ. 33 ಮೀಟರ್ ವೇಗದ ಗಾಳಿ ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಶೀಟನ್ನು 180 ಕಿಲೋಗೂ ಹೆಚ್ಚಿನ ಬಲದಿಂದ ತಳ್ಳುತ್ತದೆ. ನಾಲ್ಕು ಮೊಳೆಯಲ್ಲಿ ನಿಂತ ಶೀಟು ಭರಣಿ ಮಳೆಯ ಗಾಳಿಗೆ ಕಿತ್ತು ಹಾರಿದರೆ ದಾರಿಯಲ್ಲಿ ಹೋಗುವವರಿಗೂ ಅಪಾಯ. ಕಬ್ಬಿಣದ ಚೌಕಟ್ಟು ಕಟ್ಟಿ, ರಬ್ಬರ್ ವಾಷರ್ ಹಾಕಿ ಸ್ಕ್ರೂ ಬಿಗಿಸಬೇಕು. ಆ ಚೌಕಟ್ಟಿನ ಖರ್ಚನ್ನೂ ಸೇರಿಸಿದ ಮೇಲೆ ತಗಡು ಗಾರೆಗಿಂತ ಅಗ್ಗವೆಂದು ಹೇಳಲಾಗದು. ಕಲ್ಲಿನ ಬಿಲ್ಲೆ, ಟೈಲ್ಸ್ ಅಂಟಿಸುವುದು ಇನ್ನೂ ದುಬಾರಿ. ಅದರ ಕೆಳಗೂ ಒಳ್ಳೆಯ ಗಾರೆ ಇರಲೇಬೇಕಾದ್ದರಿಂದ ಗಾರೆಯ ಖರ್ಚು ತಪ್ಪುವುದಿಲ್ಲ.

ನೆರವು ಎಷ್ಟು, ಎಲ್ಲಿಂದ

ಮಳೆಹಾನಿಗೆ ಸರ್ಕಾರದ ಪರಿಹಾರವಿದೆ. 2022ರಿಂದ 2026ರ ಅವಧಿಗೆ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1.20 ಲಕ್ಷ ರೂಪಾಯಿ. ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. 2019ರ ನೆರೆಯ ನಂತರ ರಾಜ್ಯ ಸರ್ಕಾರ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ ಎ ವರ್ಗಕ್ಕೆ 5 ಲಕ್ಷ, ಸಿ ವರ್ಗಕ್ಕೆ 50,000 ರೂಪಾಯಿವರೆಗೆ ಹೆಚ್ಚಿಸಿ ಕೊಟ್ಟದ್ದುಂಟು. ಹೊರ ಗಾರೆ ಮಾತ್ರ ಉದುರಿದ್ದರೆ ಅದು ಶೇ 15ರ ಅಳತೆಗೆ ಸಿಗುವುದು ಕಷ್ಟ. ಸಿಕ್ಕರೂ 6,500 ರೂಪಾಯಿ ಮೇಲಿನ ಲೆಕ್ಕದ ಏಳನೆಯ ಒಂದು ಪಾಲು. ಗೋಡೆ ಬಿದ್ದಾಗಲಾದರೂ ತಡಮಾಡದೆ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಬೇಕು. ಬಿದ್ದ ಗೋಡೆಯನ್ನು ಪರಿಶೀಲನೆಗೆ ಮೊದಲೇ ಎತ್ತಿ ಕಟ್ಟಿದರೆ ಹಾನಿಯ ಅಳತೆಗೆ ಆಧಾರ ಉಳಿಯದು.

ವಿಮೆಯ ದಾರಿಯೂ ಇದೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ವಿಮೆಯನ್ನು ಕೊಡುತ್ತಿವೆ. ಬಿರುಗಾಳಿ, ನೆರೆಯಿಂದಾದ ಹಾನಿ ಇದರಲ್ಲಿ ಸೇರಿದೆ. ವರ್ಷಗಳಿಂದ ಸವೆದು, ನಿಧಾನವಾಗಿ ಸೋರಿ ಕೆಟ್ಟ ಗೋಡೆ ಸೇರುವುದಿಲ್ಲ. ಅಂದರೆ ನಿರ್ವಹಣೆಯ ಖರ್ಚು ಮನೆಯವರದ್ದೇ.

ಮೊದಲು ನೀರಿನ ದಾರಿ

ಮೇಲಿನ ಎಲ್ಲ ಲೆಕ್ಕಗಳಿಗೂ ಮುಂಚಿನ ಖರ್ಚೊಂದಿದೆ. ಅದು ಎಲ್ಲಕ್ಕಿಂತ ಚಿಕ್ಕದು. ತಾರಸಿಯ ನೀರು ಗೋಡೆಗೆ ತಾಗದಂತೆ ಪೈಪಿನಲ್ಲಿ ನೆಲಕ್ಕಿಳಿಯಬೇಕು. ಪ್ಯಾರಾಪೆಟ್ಟಿನ ತಲೆ ಒಳಗಡೆಗೆ ತುಸು ಇಳಿಜಾರಾಗಿರಬೇಕು. ಸಜ್ಜದ ಅಡಿಯ ಅಂಚಿಗೆ ಒಂದು ಗೆರೆ ಕೊರೆದರೆ ನೀರು ಗೋಡೆಯತ್ತ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಗೋಡೆಯ ಬುಡದ ಸುತ್ತ ಎರಡು ಮೂರು ಅಡಿ ಅಗಲಕ್ಕೆ ಕಲ್ಲುಚಪ್ಪಡಿ ಹಾಸಿ ಹೊರಕ್ಕೆ ಇಳಿಜಾರು ಕೊಟ್ಟರೆ ನೆಲದ ಎರಚಲು ಗೋಡೆಗೆ ಹಾರದು. ರಸ್ತೆಯನ್ನು ವರ್ಷವರ್ಷ ಎತ್ತರಿಸಿ ಮನೆಯ ಬುಡ ತಗ್ಗಾಗಿರುವ ಕಡೆ ಚರಂಡಿಯಿಲ್ಲದೆ ಯಾವ ಗಾರೆಯೂ ನಿಲ್ಲದು. ಅದು ಪಂಚಾಯಿತಿಯ ಹೊಣೆ, ಗ್ರಾಮಸಭೆಯಲ್ಲಿ ಕೇಳಿ ಪಡೆಯಬೇಕಾದ ಹಕ್ಕು.

ಈ ಸಣ್ಣ ಕೆಲಸಗಳನ್ನು ಬಿಟ್ಟು ಬರೀ ಗಾರೆ ಬದಲಿಸಿದವರು ಅದೇ ಗೋಡೆಗೆ ಮತ್ತೆ ಮತ್ತೆ ಹಣ ಸುರಿಯುತ್ತಾರೆ. ಆದ್ದರಿಂದ ಪುರವರದ ಕಡೆ ಹೊರಗೋಡೆ ಮಾಡಿಸಲು ಹೊರಟವರು ಮೇಸ್ತ್ರಿಯ ಹತ್ತಿರ ಚದರಕ್ಕೆ ಎಷ್ಟು ಎಂದು ಕೇಳುವ ಮೊದಲು, ಒಂದು ಜೋರು ಮಳೆಯಲ್ಲಿ ಮನೆಯ ಸುತ್ತ ಬಂದು ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಅದನ್ನು ಸರಿಪಡಿಸಿಕೊಂಡು, ಗೋಡೆಗೆ ಹೊಂದುವ ಗಾರೆಯನ್ನು ಚಳಿಗಾಲದಲ್ಲಿ ಹಾಕಿಸಿ, ಏಳು ದಿನ ತಪ್ಪದೆ ನೀರು ಹೊಡೆಯಬೇಕು. ಸರ್ಕಾರವೂ ವಸತಿ ಯೋಜನೆಯ ಮನೆಗಳಿಗೆ ಹೊರ ಗಾರೆಯ ಹಣವನ್ನು ಬೇರೆಯಾಗಿ, ಕೊನೆಯ ಕಂತಿನ ಜೊತೆಗೆ ಕೊಡಬೇಕು. ಬಡವರ ಮನೆಯ ಗೋಡೆ ಬಿದ್ದ ಮೇಲೆ ಲಕ್ಷ ಕೊಡುವುದಕ್ಕಿಂತ ಬೀಳದಂತೆ ಅರ್ಧ ಲಕ್ಷ ಕೊಡುವುದು ಖಜಾನೆಗೂ ಲಾಭ, ಜೀವಗಳಿಗೂ ಕ್ಷೇಮ.